ಮೊದಲು ನಿಲ್ಲುವ ಜಾಗ, ಆಮೇಲೆ ಲೆನ್ಸ್

ನನ್ನ ಹತ್ತಿರ ಇರುವುದು ಕ್ರಾಪ್ ಸೆನ್ಸರ್, ಅಂದರೆ ಚಿಕ್ಕ ಸೆನ್ಸರಿನ ನಿಕಾನ್ ಕ್ಯಾಮೆರಾ. ಚೀಲದಲ್ಲಿ ಕ್ಯಾಮೆರಾ ಜೊತೆ ಬಂದ 18-55, ಒಂದು 50 ಎಂಎಂ ಎಫ್ 1.8, ಒಂದು 55-200 ಲೆನ್ಸ್. ಎಂಎಂ ಅಂಕಿ ಚಿಕ್ಕದಾದಷ್ಟೂ ಫೋಟೋದಲ್ಲಿ ಹೆಚ್ಚು ಅಗಲ ಕಾಣುತ್ತದೆ (ವೈಡ್), ದೊಡ್ಡದಾದಷ್ಟೂ ದೂರದ್ದು ಹತ್ತಿರ ಬರುತ್ತದೆ. ಲ್ಯಾಂಡ್‌ಸ್ಕೇಪಿಗೆ ವೈಡ್, ಪೋರ್ಟ್ರೇಟಿಗೆ 85 ಅಂತ ಎಲ್ಲರೂ ಹೇಳುತ್ತಾರೆ. ನಾನು ಮಾತ್ರ ಎಲ್ಲಿ ನಿಲ್ಲಬೇಕು ಅಂತ ಮೊದಲು ನೋಡಿಕೊಳ್ಳುತ್ತೇನೆ. ಲೆನ್ಸ್ ಹಾಕುವುದು ಆಮೇಲೆ.

ಮುಖ ತೆಗೆಯುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಕ್ಯಾಮೆರಾ ಉದ್ದಕ್ಕೆ ಹಿಡಿದು ತಲೆಯಿಂದ ಎದೆವರೆಗೆ, ಸುಮಾರು 70 ಸೆಂಟಿಮೀಟರ್, ಫ್ರೇಮ್ ತುಂಬಬೇಕು ಅಂದುಕೊಳ್ಳಿ. 18ರಲ್ಲಿ ಅರ್ಧ ಮೀಟರ್ ಚಿಲ್ಲರೆ ಹತ್ತಿರ ಹೋಗಬೇಕು. ಮೂಗಿನ ತುದಿಯಿಂದ ಕಿವಿ 12 ಸೆಂಟಿಮೀಟರ್ ಹಿಂದಿದೆ ಅಂದರೆ, ಅಷ್ಟು ಹತ್ತಿರದಲ್ಲಿ ಮೂಗು ಕಿವಿಯ ಲೆಕ್ಕಕ್ಕಿಂತ ಐದನೇ ಒಂದು ಪಾಲು ದೊಡ್ಡದಾಗಿ ಬೀಳುತ್ತದೆ. ಫೋಟೋ ನೋಡಿದವರು ‘ನಾನು ಹೀಗಿದೀನಾ?’ ಅನ್ನುವುದು ಇದಕ್ಕೇ. 50ರಲ್ಲಿ ಒಂದೂವರೆ ಮೀಟರ್ ದೂರ ನಿಂತರೆ ಅದೇ ಫ್ರೇಮ್ ಸಿಗುತ್ತದೆ, ಆ ವ್ಯತ್ಯಾಸ ಶೇಕಡಾ 8ಕ್ಕೆ ಇಳಿಯುತ್ತದೆ. ಬೇಕಾದರೆ 18ರಲ್ಲೇ ಒಂದೂವರೆ ಮೀಟರಿನಿಂದ ತೆಗೆದು ಕ್ರಾಪ್ ಮಾಡಿ ನೋಡಿ. ಕ್ವಾಲಿಟಿ ಹೋಗುತ್ತದೆ, ಮುಖದ ಆಕಾರ ಮಾತ್ರ 50ರದ್ದೇ!

ಹಾಗಾದರೆ 85 ಯಾಕೆ ಬೇಡ? ಕ್ರಾಪ್ ಸೆನ್ಸರಿನಲ್ಲಿ 50 ಅಂದರೆ ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರ್ ಕ್ಯಾಮೆರಾದ 75 ಇದ್ದ ಹಾಗೆ, 85ಕ್ಕೆ ಹತ್ತಿರವೇ. 85 ಹಾಕಿದರೆ ಎರಡೂವರೆ ಮೀಟರ್ ಹಿಂದೆ ಸರಿಯಬೇಕು. 10x10 ರೂಮಿನಲ್ಲಿ ನನ್ನ ಬೆನ್ನು ಒಂದು ಗೋಡೆಗೆ, ಅವರ ಬೆನ್ನು ಇನ್ನೊಂದಕ್ಕೆ. ಹೊರಗಡೆ ಜಾಗ ಇದ್ದವರಿಗೆ ಅದು ಒಳ್ಳೆ ಲೆನ್ಸೇ. ಒಲೆ ಮುಂದೆ ರೊಟ್ಟಿ ತಟ್ಟುವ ದೊಡ್ಡಮ್ಮನನ್ನು ತೆಗೆಯುವಾಗ ನನಗೆ ಅಡುಗೆಮನೆಯೂ ಬೇಕು. ಆಗ 24ಕ್ಕೆ ಬರುತ್ತೇನೆ, ಮುಖ ಫ್ರೇಮಿನ ಅಂಚಿಗೆ ಹೋಗದಂತೆ ನೋಡಿಕೊಳ್ಳುತ್ತೇನೆ. ವೈಡ್‌ನಲ್ಲಿ ಅಂಚಿನಲ್ಲಿದ್ದವರು ಅಡ್ಡಡ್ಡ ಹಿಗ್ಗುತ್ತಾರೆ. ಮದುವೆ ಗ್ರೂಪ್ ಫೋಟೋದಲ್ಲಿ ತುದಿಗೆ ನಿಂತವರನ್ನು ಕೇಳಿ, ಹೇಳುತ್ತಾರೆ.

ಇನ್ನು ಲ್ಯಾಂಡ್‌ಸ್ಕೇಪ್. ಹಂಪಿಯ ಮತಂಗ ಬೆಟ್ಟದ ಮೇಲಿಂದ ವಿರೂಪಾಕ್ಷ ಗೋಪುರ ಒಂದು ಕಿಲೋಮೀಟರ್ ಹತ್ತಿರ ಆಗುತ್ತದೆ. ಗೋಪುರದ ಎತ್ತರ ಸುಮಾರು 50 ಮೀಟರ್. 18ರಲ್ಲಿ ಅಡ್ಡ ಫ್ರೇಮ್ ಹಿಡಿದರೆ ಅದು ಫ್ರೇಮಿನ ಎತ್ತರದಲ್ಲಿ ಹದಿನೇಳನೇ ಒಂದು ಭಾಗ. ಕಣ್ಣಿಗೆ ಅಷ್ಟು ಭವ್ಯವಾಗಿ ಕಂಡದ್ದು ಫೋಟೋದಲ್ಲಿ ಹುಡುಕಬೇಕು. 200ಕ್ಕೆ ಹೋದರೆ ಮೂರನೇ ಎರಡು ಭಾಗ ತುಂಬುತ್ತದೆ, ಹಿಂದಿನ ಬಂಡೆಗುಡ್ಡಗಳೂ ಅದರ ಬೆನ್ನಿಗೇ ಬಂದು ಕೂರುತ್ತವೆ. ಕೆಳಗೆ ಅಚ್ಯುತರಾಯ ದೇವಸ್ಥಾನಕ್ಕೂ ನಾನು 55-200 ಅನ್ನೇ ಹಾಕುವುದು. ಮುಳ್ಳಯ್ಯನಗಿರಿಯಲ್ಲೂ ಅಷ್ಟೇ. ಬೆಳಗಿನ ಮಂಜಲ್ಲಿ ಒಂದರ ಹಿಂದೆ ಒಂದು ಸಾಲು ಬೆಟ್ಟ ಬೇಕಿದ್ದರೆ 150ರ ಮೇಲೆ ಹೋಗಲೇಬೇಕು.

ನಾನು 18 ಹಾಕುವುದು ಕಾಲಬುಡದಲ್ಲಿ ಏನಾದರೂ ಇದ್ದಾಗ. ಮಳೆ ಬಿದ್ದ ಮೇಲೆ ಹಂಪಿಯ ಹೇಮಕೂಟ ಬೆಟ್ಟದ ಬಂಡೆ ಗುಳಿಗಳಲ್ಲಿ ನೀರು ನಿಂತಿರುತ್ತದೆ. ಕ್ಯಾಮೆರಾ ಮೊಣಕಾಲಿಗಿಂತ ಕೆಳಗಿಳಿಸಿ, ಆ ನೀರಿಗೆ ಒಂದೆರಡು ಅಡಿ ಹತ್ತಿರ ಇಟ್ಟರೆ ವೈಡ್‌ನ ಗಮ್ಮತ್ತು ಗೊತ್ತಾಗುತ್ತದೆ. ಮುಂದೆ ಏನೂ ಇಲ್ಲದ ಕಡೆ ಸುಮ್ನೆ ವೈಡ್ ಹಾಕಿದರೆ ಬರೀ ಆಕಾಶ, ಖಾಲಿ ನೆಲ.

ಹೊಸ ಲೆನ್ಸಿಗೆ ದುಡ್ಡು ಕೊಡುವ ಮುಂಚೆ ನಿಮಗೆ ಇಷ್ಟವಾದ ಹಳೆ ಫೋಟೋಗಳ ಎಕ್ಸಿಫ್, ಅಂದರೆ ಫೋಟೋ ಫೈಲಿನ ಒಳಗೇ ಕ್ಯಾಮೆರಾ ಬರೆದಿಡುವ ವಿವರ, ತೆಗೆದು ನೋಡಿ. ಎಷ್ಟು ಎಂಎಂನಲ್ಲಿ ತೆಗೆದದ್ದು ಅಂತ ಅದರಲ್ಲೇ ಇರುತ್ತದೆ. ನನ್ನ ಬೆಟ್ಟಗುಡ್ಡದ ಫೋಟೋಗಳಲ್ಲಿ ಜಾಸ್ತಿ 100ರ ಮೇಲಿನವೇ ಇದ್ದವು. ಅದಕ್ಕೇ 10-20 ವೈಡ್ ಜೂಮಿನ ಆಸೆ ಬಿಟ್ಟು ಆ ದುಡ್ಡಲ್ಲಿ ಗಟ್ಟಿ ಟ್ರೈಪಾಡ್ ತಂದೆ. ಬೆಳಗಿನ ಮಬ್ಬಿನಲ್ಲಿ 200ರಲ್ಲಿ ಕೈಯಲ್ಲೇ ಹಿಡಿದು ತೆಗೆದರೆ ಶೇಕ್ ಆಗುತ್ತದೆ.