ಹುಮನಾಬಾದಿನಿಂದ ಅಪ್ಪು ಸಮಾಧಿಗೆ ಹೊರಡುವವರಿಗೆ

ಅಕ್ಟೋಬರ್ 29 ಅಪ್ಪು (ಪುನೀತ್ ರಾಜ್‌ಕುಮಾರ್) ಪುಣ್ಯಸ್ಮರಣೆ. ನಮ್ಮ ಬೀದರ್, ಕಲಬುರಗಿ ಕಡೆಯಿಂದ ಹೋಗುವವರು ಟಿಕೆಟ್ ಕೆಲಸವನ್ನು ಆಗಸ್ಟ್‌ನಲ್ಲೇ ಮುಗಿಸಿ. ರೈಲ್ವೆ ಬುಕಿಂಗ್ 60 ದಿನ ಮೊದಲು, ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. 28ರ ರಾತ್ರಿ ಹೊರಡುವುದಾದರೆ ಆಗಸ್ಟ್ 29ಕ್ಕೇ ಮೊಬೈಲ್ ಹಿಡಿದು ಕೂರಬೇಕು. ಆಸುಪಾಸಲ್ಲೇ ದೀಪಾವಳಿ, ರಾಜ್ಯೋತ್ಸವ ಬರುವುದರಿಂದ ವಾಪಸ್ ಟಿಕೆಟ್ ಸಿಗುವುದೇ ಜಾಸ್ತಿ ಕಷ್ಟ. ಅದನ್ನೂ ಮರೆಯದೆ ಬುಕ್ ಮಾಡಿ. ತತ್ಕಾಲ್ ನಂಬಿ ಹೆಂಗಸರು, ಮಕ್ಕಳನ್ನು ಹೊರಡಿಸಬೇಡಿ.

ನನ್ನ ಆಯ್ಕೆ ಬೀದರ್-ಯಶವಂತಪುರ ರೈಲು. ಯಾವ ಯಾವ ವಾರ ಓಡುತ್ತದೆ ಅಂತ ಮೊದಲು ನೋಡಿಕೊಳ್ಳಿ. ಯಶವಂತಪುರದಲ್ಲಿ ಇಳಿದರೆ ಮೆಜೆಸ್ಟಿಕ್‌ವರೆಗೆ ಸುಮ್ನೆ ಹೋಗಿ ತಿರುಗಿ ಬರುವ ಕೆಲಸವಿಲ್ಲ. ಹಸಿರು ಮಾರ್ಗದ ಮೆಟ್ರೋದಲ್ಲಿ ಮುಂದಿನ ನಿಲ್ದಾಣವೇ ಗೊರಗುಂಟೆಪಾಳ್ಯ. ಅಲ್ಲಿಂದ ಸಮಾಧಿ ಇರುವ ಕಂಠೀರವ ಸ್ಟುಡಿಯೋಗೆ ಆಟೋ ಸಾಕು.

ಬುತ್ತಿಗೆ ಕಟಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ. ಎರಡು ದಿನವಾದರೂ ಕೆಡುವುದಿಲ್ಲ. ಹೂವಿನ ಹಾರ ಊರಿಂದ ತರಬೇಡಿ, ರಾತ್ರಿಯಿಡೀ ಚೀಲದಲ್ಲಿ ಬಾಡುತ್ತದೆ. ಬೆಂಗಳೂರಿನಲ್ಲೇ ಕೊಳ್ಳಿ.

ಸರದಿಯಲ್ಲಿ ಚಪ್ಪಲಿ, ಮೊಬೈಲ್ ಜೋಪಾನ. ನೂಕಬೇಡಿ. ಅಪ್ಪು ಪಕ್ಕದಲ್ಲೇ ಅಣ್ಣಾವ್ರು, ಪಾರ್ವತಮ್ಮನವರ ಸಮಾಧಿಗಳೂ ಇವೆ, ಅಲ್ಲೂ ಕೈಮುಗಿಯಿರಿ. ಅಪ್ಪು ಕಣ್ಣು ದಾನವಾಗಿದ್ದು ಎಲ್ಲರಿಗೂ ಗೊತ್ತಲ್ವಾ? ನೇತ್ರದಾನದ ನೋಂದಣಿ ನಡೆಯುತ್ತಿದ್ದರೆ ಹೆಸರು ಬರೆಸಿ, ಮನೆಯವರಿಗೂ ತಿಳಿಸಿಡಿ. ಆ ಹೊತ್ತಿಗೆ ಒಪ್ಪಿಗೆ ಕೊಡಬೇಕಾದವರು ಅವರೇ.