ಗೆಟಪ್ಪು ಚಾನೆಲ್‌ದು, ಹೊಟ್ಟೆಪಾಡು ಕಲಾವಿದನದು

ಟಿವಿ ಕಾಮಿಡಿ ಕಲಾವಿದರ ಡೇಟ್ಸ್ ನೋಡಿಕೊಳ್ಳುವುದು ನನ್ನ ಕೆಲಸ. ಮ್ಯಾನೇಜರ್ ಅಂದರೆ ಎರಡು ಫೋನ್ ಹಿಡಿದು ಓಡಾಡುವವನು, ಸೆಲ್ಫಿಗೆ ಬಂದವರನ್ನು ಪಕ್ಕಕ್ಕೆ ಸರಿಸುವವನು ಅಂತ ಜನ ಅಂದುಕೊಂಡಿದ್ದಾರೆ. ಅದೂ ಇದೆ, ಸುಳ್ಳಲ್ಲ. ಆದರೆ ನನ್ನ ದಿನದ ಬಹುಪಾಲು ಹೋಗುವುದು ಅಗ್ರಿಮೆಂಟ್ ಓದುವುದರಲ್ಲಿ, ಬಾಕಿ ದುಡ್ಡು ಕೇಳುವುದರಲ್ಲಿ.

ಈ ಲೈನಿಗೆ ಬಂದದ್ದು ಪ್ರೊಡಕ್ಷನ್ ಕಡೆಯಿಂದ. ಸೀರಿಯಲ್ಲುಗಳಲ್ಲಿ ಆರ್ಟಿಸ್ಟ್ ಕೋಆರ್ಡಿನೇಟರ್ ಆಗಿದ್ದೆ. ಆಗ ಟಿವಿ ಹಾಸ್ಯ ಅಂದರೆ ಈಟಿವಿಯ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ಥರದ ಸೀರಿಯಲ್ಲುಗಳು. ದಿನಕ್ಕಿಷ್ಟು ಅಂತ ಪೇಮೆಂಟ್, ಕಲಾವಿದರ ಕೈಯಲ್ಲೊಂದು ಡೈರಿ, ಅಷ್ಟೇ. 2015ರಲ್ಲಿ ಸೃಜನ್ ಲೋಕೇಶ್ ಅವರ ‘ಮಜಾ ಟಾಕೀಸ್’, ಮರುವರ್ಷ ಜೀ ಕನ್ನಡದಲ್ಲಿ ‘ಕಾಮಿಡಿ ಕಿಲಾಡಿಗಳು’ ಬಂದವು, ಲೆಕ್ಕವೇ ಬದಲಾಯಿತು. ಕಿಲಾಡಿಗಳ ಮೊದಲ ಸೀಸನ್ ಗೆದ್ದ ಶಿವರಾಜ್ ಕೆ.ಆರ್. ಪೇಟೆ ಅವರ ಹೆಸರಲ್ಲೇ ಊರಿದೆ ನೋಡಿ. ರಂಗಶಾಲೆಯಲ್ಲಿ ಪಳಗಿದವರು, ಜಾತ್ರೆ ನಾಟಕದಲ್ಲಿ ನಗಿಸುತ್ತಿದ್ದವರು, ಊರ ಆರ್ಕೆಸ್ಟ್ರಾದಲ್ಲಿ ಮಿಮಿಕ್ರಿ ಮಾಡುತ್ತಿದ್ದವರೆಲ್ಲ ಶನಿವಾರ-ಭಾನುವಾರ ಕಳೆಯುವಷ್ಟರಲ್ಲಿ ಮನೆಮಾತಾದರು. ಸೋಮವಾರ ಬೆಳಗ್ಗೆಯಿಂದ ಫೋನ್ ಬಡಿದುಕೊಳ್ಳಲು ಶುರು. ಯಾರಿಗೆ ಎಷ್ಟು ಹೇಳಬೇಕು ಅಂತಲೇ ಅವರಿಗೆ ಗೊತ್ತಿರುತ್ತಿರಲಿಲ್ಲ.

ಹೊಸ ಕಲಾವಿದನಿಗೆ ಚಾನೆಲ್ ಕೊಡುವ ಎಪಿಸೋಡ್ ಪೇಮೆಂಟ್‌ನಿಂದ ಬೆಂಗಳೂರಿನ ಬಾಡಿಗೆ, ಊಟ ನಡೆದರೆ ದೊಡ್ಡದು. ದುಡ್ಡು ಇರುವುದು ಸ್ಟೇಜ್ ಮೇಲೆ. ಗಣೇಶನ ಹಬ್ಬಕ್ಕೆ ಶುರುವಾದರೆ ದಸರಾ, ಆಮೇಲೆ ರಾಜ್ಯೋತ್ಸವ. ನಮ್ಮ ಲೈನಿನಲ್ಲಿ ನವೆಂಬರ್ ತಿಂಗಳು ಜನವರಿವರೆಗೂ ಇರುತ್ತದೆ! ಅದು ಮುಗಿಯುವಷ್ಟರಲ್ಲಿ ಜಾತ್ರೆಗಳು. ಹಾಗಾಗಿ ನಾನು ಟಿವಿ ಪೇಮೆಂಟ್ ಮುಟ್ಟುವುದಿಲ್ಲ, ಸ್ಟೇಜ್ ದುಡ್ಡಿನಲ್ಲಿ ಮಾತ್ರ ಶೇ. 15 ಕಮಿಷನ್. ಶೋ ಏರ್‌ನಲ್ಲಿ ಇರುವವರೆಗೆ ಒಂದು ರೇಟು, ಸೀಸನ್ ಮುಗಿದು ಆರು ತಿಂಗಳಾದರೆ ಇನ್ನೊಂದು. ಕಾರ್ಯಕ್ರಮ ಹಿಡಿಯಬೇಕಾದದ್ದು ಆ ನಡುವೆ. ಆದರೆ ಅದೇ ತಿಂಗಳುಗಳಲ್ಲಿ ರಿಹರ್ಸಲ್, ಶೂಟಿಂಗ್ ಎರಡೂ ಇರುತ್ತವೆ. ಶನಿವಾರ ರಾತ್ರಿ ಸಿಂಧನೂರಲ್ಲಿ ಸ್ಟೇಜ್ ಹತ್ತಿದವನು ಭಾನುವಾರ ಬೆಳಗ್ಗೆ ಬೆಂಗಳೂರಿನ ಸೆಟ್‌ನಲ್ಲಿ ಮೇಕಪ್ಪಿಗೆ ಕೂರಬೇಕು. ಡ್ರೈವರ್ ಯಾರು ಅಂತ ವಿಚಾರಿಸದೆ ಅಂಥ ಡೇಟ್ ನಾನು ಕೊಡುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಪಾತ್ರ ಯಾರದ್ದು ಅನ್ನುವ ವಿಷಯಕ್ಕೆ. ಮಜಾ ಟಾಕೀಸ್‌ನ ವರಲಕ್ಷ್ಮಿಯನ್ನೇ ತಗೊಳ್ಳಿ. ಅಪರ್ಣಾ ಅವರಿಗೆ ಆ ಪಾತ್ರಕ್ಕಿಂತ ಮೊದಲೇ ನಿರೂಪಕಿಯಾಗಿ ದೊಡ್ಡ ಹೆಸರಿತ್ತು. ಅಂಥ ಅಚ್ಚುಕಟ್ಟು ಕನ್ನಡದ ಹೆಂಗಸು ಹೀಗೂ ನಗಿಸುತ್ತಾರಾ ಅಂತ ಜನ ಬೆರಗಾದರು, ಅವರ ಹೆಸರಿಗೆ ಇನ್ನೊಂದು ಹೆಸರು ಸೇರಿತು. ಹೊಸಬರ ಕಥೆ ಉಲ್ಟಾ. ಮೊದಲು ಪಾತ್ರ ಬರುತ್ತದೆ, ಕಲಾವಿದನ ಹೆಸರನ್ನೇ ನುಂಗಿ ಕೂರುತ್ತದೆ. ಸಹಿ ಹಾಕಿದ ಕಾಗದದಲ್ಲಿ ಆ ಪಾತ್ರ, ಗೆಟಪ್ಪು, ಡೈಲಾಗು ಎಲ್ಲಾ ಚಾನೆಲ್‌ಗೆ ಸೇರಿದ್ದು ಅಂತ ಇರುತ್ತದೆ. 2013ರಲ್ಲಿ ಹಿಂದಿಯ ‘ಕಾಮಿಡಿ ನೈಟ್ಸ್ ವಿತ್ ಕಪಿಲ್’ ಬಿಟ್ಟು ಹೊರಬಂದ ಸುನಿಲ್ ಗ್ರೋವರ್ ಅವರಿಗೆ ಆದದ್ದೂ ಇದೇ. ಗುತ್ಥಿ ಪಾತ್ರ ನಮ್ಮದು ಅಂತ ಚಾನೆಲ್ ಸಾರ್ವಜನಿಕ ನೋಟಿಸ್ ಕೊಟ್ಟಿತು, ಬೇರೆ ಚಾನೆಲ್‌ನಲ್ಲಿ ಅವರು ಚುಟ್ಕಿಯಾಗಿ ಬರಬೇಕಾಯಿತು. ನನ್ನ ಹತ್ತಿರ ಬರುವ ಪ್ರತಿಯೊಬ್ಬ ಹೊಸಬನಿಗೂ ಈ ಕಥೆ ಹೇಳುತ್ತೇನೆ.

ನಮ್ಮಲ್ಲೊಬ್ಬ ಕಲಾವಿದ, ಉತ್ತರ ಕರ್ನಾಟಕದವನು. ಊರ ನಾಟಕದಲ್ಲಿ ಎಲೆ-ಅಡಿಕೆ ಜಗಿಯುತ್ತಾ ಮಾತಾಡುವ ಅಜ್ಜಿಯ ಪಾತ್ರ ಮಾಡುತ್ತಿದ್ದ. ಅದೇ ಅಜ್ಜಿ ಟಿವಿಗೆ ಬಂದಳು, ಚಾನೆಲ್ ಅವಳಿಗೆ ಹೊಸ ಹೆಸರಿಟ್ಟಿತು. ಅಗ್ರಿಮೆಂಟ್ ಬಂದಾಗ ಲೀಗಲ್‌ನವರ ಎದುರು ಕೂತೆ.

“ಸರ್, ಇದು ಎಲ್ಲರಿಗೂ ಕೊಡೋ ಸ್ಟ್ಯಾಂಡರ್ಡ್ ಫಾರ್ಮ್ಯಾಟು.”

“ಗೊತ್ತು ಮೇಡಂ. ಒಂದ್ ವಿಡಿಯೋ ನೋಡಿ, ಆಮೇಲೆ ಮಾತಾಡೋಣ.”

ಶೋಗಿಂತ ಎಷ್ಟೋ ಮೊದಲು ಊರಿನವರು ಯೂಟ್ಯೂಬ್‌ಗೆ ಹಾಕಿದ್ದ ನಾಟಕ. ಆಡಿಯೋ ಕರಕರ, ಅಡ್ಡಡ್ಡ ತಲೆಗಳು. ಆದರೂ ಅಜ್ಜಿ ಅವಳೇ, ಅದೇ ಸೆರಗು, ಎಲೆ ಉಗಿಯುವ ಅದೇ ಟೈಮಿಂಗು. ಮೇಡಂ ನಕ್ಕುಬಿಟ್ಟರು. ಕೊನೆಗೆ ಒಂದು ಪ್ಯಾರಾ ಸೇರಿತು: ಶೋನಲ್ಲಿ ಇಟ್ಟ ಹೆಸರು, ಬರೆದ ಸ್ಕ್ರಿಪ್ಟು ಚಾನೆಲ್‌ಗೆ, ವೇಷ ಮತ್ತು ಮಾತಿನ ಧಾಟಿ ಕಲಾವಿದನಿಗೆ. ಈಗ ಸ್ಟೇಜ್ ಮೇಲೆ ಅವನು ಹಳೇ ಹೆಸರಿನಲ್ಲೇ ಬರುತ್ತಾನೆ, ಕೆಳಗಿನಿಂದ ಜನ ಟಿವಿ ಹೆಸರು ಹಿಡಿದು ಕೂಗುತ್ತಾರೆ. ಅವರ ಬಾಯಿಗೆ ಯಾವ ಅಗ್ರಿಮೆಂಟೂ ಇಲ್ಲವಲ್ಲ!

ನಾನು ಜಗಳ ಮಾಡಿಯಾದರೂ ಹಾಕಿಸುವ ಇನ್ನೊಂದು ಸಾಲು, ಎಕ್ಸ್‌ಕ್ಲೂಸಿವ್ ಷರತ್ತಿನಿಂದ ಸ್ಟೇಜ್ ಪ್ರೋಗ್ರಾಂ ಹೊರಗಿರಬೇಕು ಅನ್ನುವುದು. ಬೇರೆ ಚಾನೆಲ್‌ಗೆ ಹೋಗಬೇಡ ಅನ್ನುವುದು ನ್ಯಾಯ. ಕೆರೂರಿನ ಜಾತ್ರೆಗೂ ಚಾನೆಲ್‌ನಿಂದ ಎನ್‌ಒಸಿ (ಅಭ್ಯಂತರವಿಲ್ಲ ಅನ್ನುವ ಪತ್ರ) ತರಬೇಕು ಅಂದರೆ ಹೊಟ್ಟೆಗೇನು ತಿನ್ನುವುದು?

ಹಬ್ಬ, ಜಾತ್ರೆಗೆ ಕಾರ್ಯಕ್ರಮ ಇಡಿಸುವ ಕಮಿಟಿಯವರ ಜೊತೆ ಮಾತು ಬೇರೆಯೇ ಕಲೆ. ಅರ್ಧ ಅಡ್ವಾನ್ಸ್, ಉಳಿದದ್ದು ಕಲಾವಿದ ಕಾರಿನಿಂದ ಇಳಿಯುವ ಮೊದಲು. “ಏನ್ಸಾರ್, ನಮ್ಮ್ ಮೇಲೆ ನಂಬಿಕೆ ಇಲ್ವಾ?” ಅಂತಾರೆ. “ನಿಮ್ಮ್ ಮೇಲೆ ಇದೆ ಅಣ್ಣಾ, ಪ್ರೋಗ್ರಾಂ ಮುಗಿದ್ಮೇಲೆ ನೀವು ಸಿಕ್ತೀರಾ ಅನ್ನೋದ್ರ ಮೇಲೆ ಇಲ್ಲ” ಅಂತೀನಿ. ನಗ್ತಾರೆ, ಕೊಡ್ತಾರೆ. ಹೆಣ್ಣುಮಕ್ಕಳಾದರೆ ಅವರ ಜೊತೆ ಮನೆಯವರೊಬ್ಬರು ಬರಬೇಕು, ಆ ಖರ್ಚೂ ಕಮಿಟಿಯದ್ದೇ. ಇದಕ್ಕೆ ಒಪ್ಪದ ಕಾರ್ಯಕ್ರಮಕ್ಕೆ ನಮಸ್ಕಾರ.

ಸ್ಕಿಟ್ ಬರೆಯುವವರನ್ನೂ ನಾನು ನೋಡಿಕೊಳ್ಳುತ್ತೇನೆ. ನನ್ನ ಪ್ರಕಾರ ಈ ಉದ್ಯಮದಲ್ಲಿ ಅನ್ಯಾಯವಾಗುವುದು ಅವರಿಗೇ. ಪಂಚ್ ಹೊಡೆದವನು ಸ್ಟಾರ್, ಬರೆದವನ ಹೆಸರು ಕೊನೆಯಲ್ಲಿ ಓಡಿಹೋಗುತ್ತದೆ. ಟಿವಿಯಲ್ಲಿ ಬಂದ ಸ್ಕಿಟ್ಟನ್ನೇ ಸ್ಟೇಜ್ ಮೇಲೆ ಮಾಡಿದರೆ ಜನ ಅರ್ಧಕ್ಕೇ ಎದ್ದು ಗೋಬಿ ಮಂಚೂರಿ ಗಾಡಿ ಕಡೆ ನಡೆಯುತ್ತಾರೆ. ಅವರು ಅದನ್ನು ಫೋನ್‌ನಲ್ಲಿ ಹತ್ತು ಸಲ ನೋಡಿರುತ್ತಾರೆ. ಹಾಗಾಗಿ ಪ್ರತಿ ಸೀಸನ್‌ಗೂ ಅರ್ಧ ಗಂಟೆಯ ಹೊಸ ಐಟಂ ಬರೆಸುತ್ತೇನೆ, ಆ ದುಡ್ಡು ಕಲಾವಿದನ ರೇಟಿನೊಳಗೇ ಸೇರಿರುತ್ತದೆ. ಕೆಲವರು ಗೊಣಗುತ್ತಾರೆ.

ಲೆಕ್ಕಪತ್ರದ್ದು ಒಂದೇ ಮಾತು. ಪೇಮೆಂಟ್‌ನಲ್ಲಿ ಶೇ. 10 ಟಿಡಿಎಸ್, ಅಂದರೆ ಮುಂಚೆಯೇ ಮುರಿದುಕೊಳ್ಳುವ ಆದಾಯ ತೆರಿಗೆ, ಹಿಡಿದಿರುತ್ತಾರೆ. ರಿಟರ್ನ್ ಹಾಕಿದರೆ ಕಡಿಮೆ ಆದಾಯದವರಿಗೆ ಅದು ವಾಪಸ್ ಬರುತ್ತದೆ ಅಂತ ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ.

ಈಚೆಗೆ ಸ್ಟೇಜ್‌ಗಿಂತ ರೀಲ್ಸ್ ಪ್ರಮೋಷನ್‌ನ ಫೋನ್‌ಗಳೇ ಜಾಸ್ತಿ. ಸೀರೆ ಅಂಗಡಿ, ಬಿರಿಯಾನಿ ಹೋಟೆಲ್, ಲೇಔಟ್ ಸೈಟು (ಸೈಟಿನವರಿಗೆ ಮೊದಲು ರೇರಾ ನಂಬರ್, ಅಂದರೆ ಲೇಔಟಿನ ಸರ್ಕಾರಿ ನೋಂದಣಿ ನಂಬರ್ ಕಳಿಸಿ ಅಂತೀನಿ, ಅರ್ಧ ಜನ ಮತ್ತೆ ಫೋನೇ ಮಾಡಲ್ಲ). ಬೆಟ್ಟಿಂಗ್ ಆ್ಯಪಿನವರು ಕಲಾವಿದ ಮೂರು ಸ್ಟೇಜ್‌ನಲ್ಲಿ ದುಡಿಯುವುದನ್ನು ಒಂದು ನಿಮಿಷದ ವಿಡಿಯೋಗೆ ಕೊಡುತ್ತೇವೆ ಅನ್ನುತ್ತಿದ್ದರು. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಪ್ರಕಾರ ದುಡ್ಡು ಕಟ್ಟಿ ಆಡುವ ಆಟದ ಜಾಹೀರಾತಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ. ಆದರೂ ಬೇರೆ ಬೇರೆ ಹೆಸರಿನಲ್ಲಿ ಕೇಳುವವರಿದ್ದಾರೆ. ಆ ಫೋನ್ ನಾನೇ ಮುಗಿಸುತ್ತೇನೆ, ಕಲಾವಿದರ ಕಿವಿಗೆ ಆ ಅಮೌಂಟ್ ಬೀಳುವುದೇ ಬೇಡ ಅಂತ.