1953 ಅಂತ ಬರೆದಿದ್ದ ಬಿಲ್ಲು

ಮಿಶಿಗನ್‌ಗೆ ಬಂದು ಇಷ್ಟು ವರ್ಷವಾದರೂ ಶನಿವಾರದ ಗರಾಜ್ ಸೇಲ್ ಸುತ್ತುವ ಚಟ ನನಗೆ ಹೋಗಿಲ್ಲ. ಹಾಗೆ ಒಂದು ಬೆಳಿಗ್ಗೆ ಹಳೇ ಗಾಳ, ತುಕ್ಕು ಹಿಡಿದ ಸ್ಪ್ಯಾನರ್‌ಗಳ ಮೇಲೆ ಕಣ್ಣಾಡಿಸುತ್ತಿದ್ದಾಗ ಮೊಳೆಗೆ ನೇತುಹಾಕಿದ್ದ ಬಿಲ್ಲೊಂದು ಕಾಣಿಸಿತು. ಕಂದು ಬಣ್ಣದ ಮರ, ಎರಡೂ ತುದಿ ಮುಂದಕ್ಕೆ ಬಾಗಿದ್ದವು. ಒಳಮೈಯಲ್ಲಿ ಪುಟ್ಟ ಅಕ್ಷರದಲ್ಲಿ ‘ಕೆನಡಾ 1953’ ಅಂತ ಇತ್ತು. ಹಿಡಿಯ ಹತ್ತಿರ 45 ಅಂತ ಕೈಬರಹ. 80 ಡಾಲರ್ ಕೊಟ್ಟು ತಂದೆ. ನನ್ನಪ್ಪನ ವಯಸ್ಸಿನ ಬಿಲ್ಲು ಸಿಕ್ಕಿತು ಅಂತ ದಾರಿಯುದ್ದಕ್ಕೂ ಖುಷಿ.

ಆಮೇಲೆ ಗೊತ್ತಾಯಿತು, ಅದರ ಮೇಲಿದ್ದ ಎರಡೂ ಸಂಖ್ಯೆಯನ್ನು ನಾನು ತಪ್ಪು ಓದಿದ್ದೆ.

1953ರ ಭ್ರಮೆ ಒಡೆದವರು ಊರಿನ ಆರ್ಚರಿ ಕ್ಲಬ್ಬಿನ ಒಬ್ಬ ಹಿರಿಯರು. ಬಿಲ್ಲು ನೋಡಿದ ಕೂಡಲೇ ನಕ್ಕುಬಿಟ್ಟರು. ಅದು ಬಿಲ್ಲು ಹುಟ್ಟಿದ ವರ್ಷ ಅಲ್ಲ, ಕೆನಡಾದ ಪೇಟೆಂಟ್‌ನ ವರ್ಷ. ನನ್ನ ಬಿಲ್ಲನ್ನು ಮಾಡಿದ ಬೇರ್ ಕಂಪನಿ ಎಷ್ಟೋ ವರ್ಷ ತನ್ನ ಬಿಲ್ಲುಗಳ ಮೇಲೆ ಇದನ್ನೇ ಅಚ್ಚು ಹಾಕಿದೆ. ಹೊಸಬರೆಲ್ಲ ಒಂದು ಸಲ ಇದಕ್ಕೆ ಬೀಳುವವರೇ ಅಂತೆ. ಅವರು ನೋಡಿದ್ದು ಹಿಡಿಯಲ್ಲಿ ಕೂರಿಸಿದ್ದ ನಾಣ್ಯದಂಥ ಬಿಲ್ಲೆಯನ್ನು. ಬೆರಳು ಸವರಿದರೆ ಅದು ಮರದ ಮಟ್ಟಕ್ಕೇ ಇತ್ತು. 60ರ ದಶಕದ ಬೇರ್ ಬಿಲ್ಲುಗಳ ಗುರುತು ಅದು. ಮುಂದೆ 70ರ ದಶಕದಲ್ಲಿ ಉಬ್ಬಿದ ಬಿಲ್ಲೆ ಬಂತು. ಅಲ್ಲಿಗೆ ನನ್ನ ಬಿಲ್ಲು ಎಷ್ಟೋ ವರ್ಷ ಚಿಕ್ಕದಾಯಿತು!

ಆದರೂ ಅದು ಇಲ್ಲಿಯದೇ ಅನ್ನುವುದು ಸಮಾಧಾನ. ಫ್ರೆಡ್ ಬೇರ್ 1933ರಲ್ಲಿ ಡೆಟ್ರಾಯಿಟ್‌ನಲ್ಲಿ ಶುರುಮಾಡಿದ ಕಂಪನಿ 1947ರಲ್ಲಿ ಉತ್ತರದ ಗ್ರೇಲಿಂಗ್ ಊರಿಗೆ ಹೋಯಿತು. 1978ರಲ್ಲಿ ಫ್ಲೋರಿಡಾಕ್ಕೆ ಎದ್ದು ಹೋಗುವವರೆಗೂ ಬಿಲ್ಲುಗಳು ಅಲ್ಲೇ ತಯಾರಾದವು. ನಮ್ಮ ಮನೆಯಿಂದ ಗ್ರೇಲಿಂಗ್‌ಗೆ ಮೂರು ಗಂಟೆ ದಾರಿ. ಒಮ್ಮೆ ಸುಮ್ನೆ ಹೋಗಿ ಅಲ್ಲಿನ ನದಿ ದಂಡೆಯಲ್ಲಿ ಚಪಾತಿ ತಿಂದು ಬಂದಿದ್ದೇವೆ.

ಎರಡನೇ ಸಂಖ್ಯೆ ಕಲಿಸಿದ ಪಾಠ ಭುಜಕ್ಕೆ. 45 ಅಂದರೆ ಹೆದೆಯನ್ನು 28 ಇಂಚು ಎಳೆದು ಹಿಡಿದಾಗ ಬೆರಳ ಮೇಲೆ ಬೀಳುವ ಭಾರ, ಪೌಂಡಿನಲ್ಲಿ. 45 ಪೌಂಡ್ ಅಂದರೆ ಇಪ್ಪತ್ತು ಕಿಲೋ. ಜಿಮ್ಮಿನಲ್ಲಿ ಇದಕ್ಕಿಂತ ಜಾಸ್ತಿ ಎತ್ತುತ್ತೇನಲ್ಲ ಅಂತ ನನ್ನ ಧಿಮಾಕು. ಆದರೆ ಬಿಲ್ಲು ಎಳೆಯುವುದು ಬೆನ್ನಿನ ಸ್ನಾಯು. ಕೀಬೋರ್ಡ್ ಕುಟ್ಟಿ ಬದುಕುವವನಿಗೆ ಅಂಥದ್ದೊಂದು ಇದೆ ಅಂತಲೇ ಗೊತ್ತಿರುವುದಿಲ್ಲ. ಎರಡು ವಾರ ಹಟ ಹಿಡಿದೆ. ಕೈ ನಡುಗುತ್ತಿತ್ತು. ಪೂರ್ತಿ ಎಳೆಯುವ ಮೊದಲೇ ಬಾಣ ಬಿಟ್ಟುಬಿಡುತ್ತಿದ್ದೆ. ಎಡಗೈಗೆ ಹೆದೆ ಬಡಿದು ಬಾಸುಂಡೆ ಬಂತು. ಮೂರನೇ ವಾರ ಬಲ ಭುಜ ಮೇಲಕ್ಕೇ ಏಳಲಿಲ್ಲ, ಶರ್ಟ್ ತೊಡುವುದೇ ಕಷ್ಟವಾಯಿತು.

ಹಿರಿಯರ ಮಾತು ಕೇಳಿ 28 ಪೌಂಡಿನ, ಬಿಡಿಭಾಗ ಜೋಡಿಸುವ, ಅಗ್ಗದ ಹೊಸ ಬಿಲ್ಲೊಂದನ್ನು ತಂದೆ. ನೋಡಲು ಚೆಂದವೇನಿಲ್ಲ. ಆದರೆ ನನಗೆ ಬಿಲ್ವಿದ್ಯೆ ಕಲಿಸಿದ್ದು ಅದೇ. ಮೂರು ತಿಂಗಳು ಐದು ಹೆಜ್ಜೆ ದೂರದಲ್ಲಿ ಹುಲ್ಲಿನ ಪೆಂಡಿ ಇಟ್ಟುಕೊಂಡು, ಗುರಿಯ ಕಾಗದವೇ ಇಲ್ಲದೆ ಬಿಟ್ಟೆ. ಕೆಲವು ಸಲ ಕಣ್ಣು ಮುಚ್ಚಿಕೊಂಡು. ಎಳೆದಾಗ ನಡುಬೆರಳು ಪ್ರತಿ ಸಲ ತುಟಿಯ ಮೂಲೆಯನ್ನೇ ಮುಟ್ಟಬೇಕು. ಅರ್ಧ ಇಂಚು ಆಚೀಚೆ ಆದರೆ ಇಪ್ಪತ್ತು ಗಜದಲ್ಲಿ ಬಾಣ ಎಲ್ಲೋ ಹೋಗುತ್ತದೆ. ಬಿಡುವಾಗ ಬೆರಳನ್ನು ಬಿಚ್ಚುವುದಲ್ಲ, ಸಡಿಲ ಬಿಡುವುದು. ಹೆದೆ ತಾನೇ ಜಾರಿಕೊಂಡು ಹೋಗಬೇಕು. ಇದು ಹೇಳಲು ಒಂದು ಸಾಲು, ಬರಲು ನನಗೆ ಒಂದು ಚಳಿಗಾಲ ಹಿಡಿಯಿತು.

ಈ ಬಿಲ್ಲಿಗೆ ಗುರಿ ನೋಡುವ ಪಿನ್ನು ಗಿನ್ನು ಏನೂ ಇಲ್ಲ. ಗುರಿ ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಚಿಕ್ಕಂದಿನಲ್ಲಿ ಕಲ್ಲು ಬೀರಿ ಮಾವಿನಕಾಯಿ ಉದುರಿಸುವಾಗ ಯಾವ ಪಿನ್ ನೋಡಿದ್ದೆವು? ಕಾಯಿ ನೋಡಿದೆವು, ಕೈ ಲೆಕ್ಕ ಹಾಕಿತು. ಇದೂ ಹಾಗೇ. ವ್ಯತ್ಯಾಸ ಇಷ್ಟೇ, ಕಾಯಿ ಬಿದ್ದರೆ ಉಪ್ಪು ಖಾರ ಸಿಗುತ್ತಿತ್ತು.

28ರಿಂದ 35ಕ್ಕೆ ಬಂದೆ. ಗೋಡೆಯ ಮೇಲಿದ್ದ 45ನ್ನು ಮತ್ತೆ ಇಳಿಸಿದ್ದು ಒಂದೂವರೆ ವರ್ಷದ ಮೇಲೆ. ನಾನು ಎಳೆಯುವುದು 27 ಇಂಚು. ಒಂದು ಇಂಚಿಗೆ ಎರಡು ಮೂರು ಪೌಂಡ್ ಕಡಿಮೆ ಅಂತ ಹಿಡಿದರೂ ನನ್ನ ಬೆರಳಿಗೆ 42, 43 ಬರುತ್ತದೆ. ಅವತ್ತು ಒರೆಗಾನ್‌ನ ಪೋರ್ಟ್ ಓರ್‌ಫರ್ಡ್ ಸೀಡರ್ ಮರದ ಆರು ಬಾಣ ತಂದಿದ್ದೆ. ಮೊದಲನೆಯದೇ ಪೆಂಡಿಯ ಅಂಚು ತಪ್ಪಿ ಹಿಂದಿನ ಕಂಬಕ್ಕೆ ಬಡಿದು ಮುರಿಯಿತು. ಮುರಿದ ಕಡೆ ಮೂಸಿದರೆ ಹಸಿ ಶುಂಠಿಯಂಥ ಘಾಟು. ಆ ತುಂಡನ್ನು ಇನ್ನೂ ಬಿಸಾಕಿಲ್ಲ.

ಅಷ್ಟರಲ್ಲಿ ಕೂಡಿಹಾಕುವ ಹುಚ್ಚು ಹಿಡಿದಿತ್ತು. ಇಂಥ ಬಿಲ್ಲುಗಳು ಇಲ್ಲಿನ ಗರಾಜುಗಳಲ್ಲಿ ಇಷ್ಟೊಂದು ಯಾಕೆ ಬಿದ್ದಿವೆ ಅಂದರೆ, 1969ರಲ್ಲಿ ಮಿಸೌರಿಯ ಹಾಲೆಸ್ ವಿಲ್ಬರ್ ಆಲನ್‌ಗೆ ರಾಟೆ ಇರುವ ಕಾಂಪೌಂಡ್ ಬಿಲ್ಲಿಗೆ ಪೇಟೆಂಟ್ ಸಿಕ್ಕಿತು. ಅದರಲ್ಲಿ ಪೂರ್ತಿ ಎಳೆದ ಮೇಲೆ ಭಾರ ಇಳಿದುಬಿಡುತ್ತದೆ. ಮುಂದಿನ ವರ್ಷಗಳಲ್ಲಿ ಬೇಟೆಗಾರರು ಒಬ್ಬೊಬ್ಬರಾಗಿ ಅದಕ್ಕೆ ಹೋದರು, ಅಪ್ಪಂದಿರ ರಿಕರ್ವ್ (ನನ್ನದರಂತೆ ತುದಿ ಮುಂದಕ್ಕೆ ಬಾಗಿದ ಬಿಲ್ಲು) ಮೊಳೆಗೆ ಹೋಯಿತು. ಈಗ ಮೊಮ್ಮಕ್ಕಳು ಮನೆ ಖಾಲಿ ಮಾಡುತ್ತಿದ್ದಾರೆ. ನನ್ನಲ್ಲಿ ಈಗ ಆರು ಇವೆ. ಮಿಶಿಗನ್ನಿನದೇ ಕಲಮಜೂ ಊರಿನ ಶೇಕ್ಸ್‌ಪಿಯರ್ ಕಂಪನಿಯದ್ದು ಒಂದು (ಮೀನಿನ ಗಾಳದ ರೀಲಿಗೆ ಹೆಸರಾದವರು, ನಾಟಕಕ್ಕೂ ಇವರಿಗೂ ಸಂಬಂಧವಿಲ್ಲ). ಅರ್ಕನ್ಸಾದ ಪೈನ್ ಬ್ಲಫ್‌ನ ಬೆನ್ ಪಿಯರ್‌ಸನ್ ಇನ್ನೊಂದು. ಉಳಿದವು ಬೇರ್.

ಐದನೆಯದು ನನ್ನನ್ನು ಸರಿಯಾಗಿ ಆಟ ಆಡಿಸಿತು. ಆನ್‌ಲೈನಿನಲ್ಲಿ ಕೊಂಡದ್ದು. ಫೋಟೋಗಳೆಲ್ಲ ಪಕ್ಕದಿಂದಲೇ ತೆಗೆದವು, ಆಗಲೇ ಅನುಮಾನ ಬರಬೇಕಿತ್ತು. ಬಂದ ಮೇಲೆ ಹೆದೆ ಏರಿಸಿ, ತುದಿಯಿಂದ ಒಂದು ಕಣ್ಣು ಮುಚ್ಚಿ ನೋಡಿದೆ. ಹೆದೆ ಲಿಂಬಿನ, ಅಂದರೆ ಹಿಡಿಯ ಮೇಲೂ ಕೆಳಗೂ ಇರುವ ಬಾಗುವ ತೋಳಿನ, ನಡುಗೆರೆಯಲ್ಲಿ ಹಾದುಹೋಗಬೇಕು. ಮೇಲಿನ ಲಿಂಬಿನಲ್ಲಿ ಅದು ಎಡ ಅಂಚಿಗೆ ಸರಿದಿತ್ತು. ಲಿಂಬ್ ತಿರುಚಿಕೊಂಡಿದೆ ಅಂತ ಅರ್ಥ. ಮೂಲೆಗೆ ಒರಗಿಸಿಟ್ಟರೆ, ಬಿಸಿಲಿಗೆ ನಿಂತ ಕಾರಿನಲ್ಲಿ ಬಿಟ್ಟರೆ, ಕಾಲು ಕೊಟ್ಟು ಬಾಗಿಸಿ ಹೆದೆ ಏರಿಸಿದರೆ ಹೀಗಾಗುತ್ತದೆ. ಮಾರಿದವರು ಉತ್ತರ ಕೊಡಲಿಲ್ಲ.

ಬಿಸಾಕಲು ಮನಸ್ಸು ಬರಲಿಲ್ಲ. ಲಿಂಬ್ ಅಂದರೆ ನಡುವೆ ಮರದ ತೆಳು ಪಟ್ಟಿ, ಹಿಂದೆ ಮುಂದೆ ಫೈಬರ್‌ಗ್ಲಾಸ್, ಎಲ್ಲ ಅಂಟಿನಿಂದ ಕೂತದ್ದು. ಕುದಿಯುವ ನೀರು ಹಾಕಿದರೆ ಅಂಟೇ ಬಿಟ್ಟೀತು. ಅದಕ್ಕೆ ಬಚ್ಚಲಿನ ನಲ್ಲಿಯಲ್ಲಿ ಕೈಗೆ ತಡೆಯುವಷ್ಟು ಬಿಸಿ ನೀರು ಬಿಟ್ಟು, ಹೆದೆ ಏರಿಸಿದ ಬಿಲ್ಲಿನ ಆ ಲಿಂಬನ್ನು ಎರಡು ನಿಮಿಷ ಹಿಡಿದೆ. ಆಮೇಲೆ ಅಂಗೈಯಲ್ಲಿ ತಿರುಚಿನ ಎದುರು ದಿಕ್ಕಿಗೆ, ನೇರಕ್ಕಿಂತ ಒಂಚೂರು ಆಚೆಗೇ ತಿರುಗಿಸಿ, ತಣ್ಣಗಾಗುವವರೆಗೆ ಅಲುಗಾಡಿಸದೆ ನಿಂತೆ. ಮೊದಲ ದಿನ ಏನೂ ಆಗಲಿಲ್ಲ. ಎರಡನೇ ದಿನವೂ ಅಷ್ಟೇ. ನಾಲ್ಕನೇ ಸಂಜೆ ಹೆದೆ ಕಡ್ಡಿಯಷ್ಟು ನಡುವಿಗೆ ಸರಿದಿತ್ತು. ಹನ್ನೊಂದನೇ ದಿನಕ್ಕೆ ಸರಿಹೋಯಿತು. ಬಾಗಿಲ ಹೊರಗೆ ನಿಂತ ಹೆಂಡತಿ, “ರೀ, ಬಿಲ್ಲಿಗೆ ಎಣ್ಣೆ ಸ್ನಾನ ಮುಗೀತಾ?” ಅಂತ ಕೇಳುವುದು ಅಭ್ಯಾಸವಾಗಿತ್ತು.

ಈಗ ಹಳೇ ಬಿಲ್ಲು ಕೈಗೆ ಬಂದರೆ ಮೊದಲು ತುದಿಯಿಂದ ನೋಡುತ್ತೇನೆ. ಆಮೇಲೆ ಲಿಂಬಿನ ಅಂಚಿನಲ್ಲಿ ಉಗುರು ಓಡಿಸುತ್ತೇನೆ. ಎಲ್ಲಾದರೂ ಉಗುರು ಸಿಕ್ಕಿಕೊಂಡರೆ ಪದರ ಬಿಡುತ್ತಿದೆ ಅಂತ, ಅಂಥದ್ದು ಬಿಟ್ಟಿ ಕೊಟ್ಟರೂ ಎಳೆಯುವುದಿಲ್ಲ. ಗ್ಲಾಸಿನಲ್ಲಿ ಉದ್ದಕ್ಕೆ ಇರುವ ಸಣ್ಣ ಗೆರೆಗೆ ಹೆದರುವುದಿಲ್ಲ, ಅಡ್ಡಗೆರೆ ಕಂಡರೆ ಮುಟ್ಟುವುದಿಲ್ಲ. ಹೆದೆ ಮಾತ್ರ ಪಾಲಿಯೆಸ್ಟರ್ ದಾರವಾದ ಡೇಕ್ರಾನ್‌ದೇ ಹಾಕುವುದು. ಅದು ಸ್ವಲ್ಪ ಹಿಗ್ಗಿ ಪೆಟ್ಟು ತಿನ್ನುತ್ತದೆ. ಈಗಿನ ಹಿಗ್ಗದ ದಾರ ಹಾಕಿದರೆ ಹಳೇ ತುದಿಗಳು ಸೀಳಬಹುದು. ಹೆದೆ ಏರಿಸಲು ಹಗ್ಗದ ಸ್ಟ್ರಿಂಗರ್ ಇದೆ, ಹತ್ತು ಹದಿನೈದು ಡಾಲರ್. ಇದರಲ್ಲಿ ಉಳಿತಾಯ ಮಾಡಬೇಡಿ. ಇನ್ನು ಬಾಣ ಇಡದೆ ಖಾಲಿ ಹೆದೆ ಎಳೆದು ಬಿಡುವವರ ಕೈಗೆ ಬಿಲ್ಲೇ ಕೊಡಬೇಡಿ, ನೆಂಟರಾದರೂ ಸರಿ.

ಆಯುಧಪೂಜೆಗೆ ಆರನ್ನೂ ಸೋಫಾದ ಮೇಲೆ ಸಾಲಾಗಿ ಮಲಗಿಸಿ ವಿಡಿಯೋ ಕಾಲಿನಲ್ಲಿ ಅಮ್ಮನಿಗೆ ತೋರಿಸಿದೆ. “ಒಂದಕ್ಕೂ ಹೆದೆ ಇಲ್ಲವಲ್ಲೋ?” ಅಂದರು. ಹೊಡೆಯುವ ಹೊತ್ತಿಗೆ ಮಾತ್ರ ಏರಿಸುವುದಮ್ಮ, ಇಲ್ಲದಿದ್ದರೆ ಸುಸ್ತಾಗುತ್ತವೆ ಅಂದೆ. “ಹಂಗಾರೆ ಕುಂಕುಮ ಆ ಬಿಲ್ಲೆ ಮೇಲೆ ಇಡು, ಮರಕ್ಕೆ ಬೇಡ, ಕಲೆ ಹೋಗಲ್ಲ” ಅಂದರು. ಅಷ್ಟರಲ್ಲಿ ನಾಲ್ಕಕ್ಕೆ ಮರದ ಮೇಲೇ ಇಟ್ಟಾಗಿತ್ತು.